ಪಾಪನಿವೇದನೆಯಲ್ಲಿ ಹೇಳಿದ ಮಾತು ಚರ್ಚಿನಲ್ಲಿ ಎಷ್ಟು ಗುಟ್ಟು, ಕೋರ್ಟಿನಲ್ಲಿ ಎಷ್ಟು?

ಕೊಡಗಿನಲ್ಲಿ ತಪಸ್ಸು ಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು, ಬರುವುದು ಕರಿಮೆಣಸು ಕೊಯ್ಯುವ ಹೊತ್ತಿಗೆ. ಈಸ್ಟರ್ ಹಿಂದಿನ ಗರಿಗಳ ಭಾನುವಾರ ಹತ್ತಿರ ಬಂದಂತೆ ವಿರಾಜಪೇಟೆ, ಮಡಿಕೇರಿ, ಸುಂಟಿಕೊಪ್ಪ, ಸೋಮವಾರಪೇಟೆ, ಎಲ್ಲ ಚರ್ಚುಗಳಲ್ಲೂ ಪಾಪನಿವೇದನೆಯ ಸಾಲು ಉದ್ದವಾಗುತ್ತದೆ. ಕ್ಯಾಥೊಲಿಕರು ತಮ್ಮ ಪಾಪಗಳನ್ನು ಫಾದರ್ ಮುಂದೆ ಗುಟ್ಟಾಗಿ ಹೇಳಿ ಕ್ಷಮೆ ಬೇಡುವುದೇ ಪಾಪನಿವೇದನೆ. ಕೊಂಕಣಿಯವರು ಕುಮ್ಸಾರ್ ಅಂತಾರೆ, ಮಲಯಾಳಿಗಳು ಕುಂಬಸಾರಂ ಅಂತಾರೆ. ಸಾಲಿನಲ್ಲಿ ನಿಂತವರ ಮನಸ್ಸಿನಲ್ಲಿ ಓಡುವ ಪ್ರಶ್ನೆ ಮಾತ್ರ ಒಂದೇ. ನಾನು ಹೇಳಿದ್ದು ಫಾದರ್ ಹತ್ತಿರವೇ ಉಳಿಯುತ್ತದಾ? ಪೊಲೀಸರು ಬಂದು ಕೇಳಿದರೆ? ಕೋರ್ಟ್ ಕರೆದರೆ?

ಚರ್ಚಿನ ಉತ್ತರ ಬೇರೆ, ನಮ್ಮ ದೇಶದ ಕಾನೂನಿನ ಉತ್ತರ ಬೇರೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಕೆಲವರು ಸುಮ್ನೆ ಹೆದರಿ ದೂರ ಉಳಿಯುತ್ತಾರೆ. ಇನ್ನು ಕೆಲವರು ತಮಗೆ ಆದ ಅನ್ಯಾಯವನ್ನು ಫಾದರ್ ಕಿವಿಗೆ ಹಾಕಿ, ಇನ್ನು ಅವರೇ ಏನಾದರೂ ಮಾಡುತ್ತಾರೆ ಅಂತ ವರ್ಷಗಟ್ಟಲೆ ಕಾಯುತ್ತಾರೆ. ಈ ಎರಡನೆಯವರಿಗಾಗಿಯೇ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ಫಾದರ್‌ಗಳು, ಚರ್ಚಿನ ಕೆಲಸದಲ್ಲಿ ಅವರಿಗೆ ನೆರವಾಗುವ ಉಪದೇಶಿಗಳು, ಮನೆಯಲ್ಲಿ ಕ್ಯಾಥೊಲಿಕ್ ಸೊಸೆಯೋ ಅಳಿಯನೋ ಇರುವ ಬೇರೆ ಧರ್ಮದವರು ಓದಿದರೂ ಉಪಯೋಗವಾಗುತ್ತದೆ.

1. ನೀವು ಮಾಡುತ್ತಿರುವುದು ಪಾಪನಿವೇದನೆಯೇ ಅಂತ ಮೊದಲು ಖಚಿತ ಮಾಡಿಕೊಳ್ಳಿ

ಗೊಂದಲ ಶುರುವಾಗುವುದೇ ಇಲ್ಲಿ. ಫಾದರ್ ಜೊತೆ ಆಡಿದ ಮಾತೆಲ್ಲ ಪಾಪನಿವೇದನೆ ಆಗುವುದಿಲ್ಲ. ಪಾಪಕ್ಷಮೆ ಬೇಡಿ, ಅದೇ ಉದ್ದೇಶದಿಂದ ಅಧಿಕಾರ ಇರುವ ಗುರುವಿನ (ಅಂದರೆ ಪಾದ್ರಿಯ) ಮುಂದೆ ಹೇಳಿಕೊಂಡರೆ ಮಾತ್ರ ಆ ಮಾತಿಗೆ ಮುದ್ರೆ ಬೀಳುತ್ತದೆ. ಪಾಪನಿವೇದನೆಯ ಗುಟ್ಟನ್ನು ಧರ್ಮಸಭೆ, ಅಂದರೆ ಕ್ಯಾಥೊಲಿಕ್ ಚರ್ಚು, ಮುದ್ರೆ ಅಂತಲೇ ಕರೆಯುತ್ತದೆ.

ಬಲಿಪೂಜೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲಿ ನಿಂತು ಮನೆಯ ಕಷ್ಟ ಹೇಳಿಕೊಂಡರೆ ಅದು ಮಾತುಕತೆ. ಮದುವೆಗೆ ಮುಂಚೆ ಫಾದರ್ ಹುಡುಗ ಹುಡುಗಿಯನ್ನು ಕೂರಿಸಿಕೊಂಡು ಕೇಳುವ ಪ್ರಶ್ನೆಗಳು ವಿಚಾರಣೆ. ಗಂಡ ಹೆಂಡತಿ ಜಗಳ ಬಿಡಿಸಲು ಫಾದರ್ ಇರುವ ಬಂಗಲೆಯಲ್ಲಿ ನಡೆಯುವ ಪಂಚಾಯ್ತಿಯೂ ಪಾಪನಿವೇದನೆ ಅಲ್ಲ. ಕೇರಳದ ಧ್ಯಾನಕೇಂದ್ರಗಳಿಗೆ ಕೊಡಗಿನಿಂದ ತುಂಬಾ ಜನ ಹೋಗುತ್ತಾರೆ. ಅಲ್ಲಿ ಕೌನ್ಸೆಲಿಂಗ್‌ಗೆ ಕೂರುವವರು ಎಷ್ಟೋ ಸಲ ಗುರುಗಳಲ್ಲ, ಸಿಸ್ಟರುಗಳು ಅಥವಾ ಸಾಮಾನ್ಯ ವಿಶ್ವಾಸಿಗಳು. ಒಳ್ಳೆಯವರು ಗುಟ್ಟು ಕಾಪಾಡುತ್ತಾರೆ, ನಿಜ. ಆದರೆ ಅದು ಅವರ ಒಳ್ಳೆಯತನ, ಮುದ್ರೆ ಅಲ್ಲ.

ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ವಿಡಿಯೊ ಕರೆಯಲ್ಲಿ ಪಾಪನಿವೇದನೆ ಇಲ್ಲ. ಗುರುವಿನ ಎದುರು ಇರಲೇಬೇಕು. ಫಾದರ್‌ಗೆ ವಾಯ್ಸ್ ಮೆಸೇಜ್ ಕಳಿಸಿ "ಇದು ಕುಮ್ಸಾರ್ ಅಂತ ತಿಳ್ಕೊಳ್ಳಿ ಫಾದರ್" ಅಂದರೆ ಪಾಪಕ್ಷಮೆಯೂ ಸಿಗುವುದಿಲ್ಲ, ಗುಟ್ಟೂ ಉಳಿಯುವುದಿಲ್ಲ. ಆ ಮೆಸೇಜ್ ಇಬ್ಬರ ಫೋನಿನಲ್ಲೂ ಉಳಿದು ನಾಳೆ ಸಾಕ್ಷಿಯಾಗಬಹುದು.

ಅನುಮಾನ ಇದ್ದರೆ ಮಾತು ಶುರು ಮಾಡುವ ಮುಂಚೆ ನೇರವಾಗಿ ಹೇಳಿ: "ಫಾದರ್, ನಾನು ಪಾಪನಿವೇದನೆ ಮಾಡಬೇಕು." ಶಿಲುಬೆ ಗುರುತು ಹಾಕಿ ಶುರು ಮಾಡಿ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಇಬ್ಬರಿಗೂ ಸ್ಪಷ್ಟವಾಗಿರುತ್ತದೆ.

2. ಗುರುವನ್ನು ಏನು ಕಟ್ಟಿಹಾಕಿದೆ ಅಂತ ತಿಳಿದುಕೊಳ್ಳಿ

ಈ ನಿಯಮ ತುಂಬಾ ಹಳೆಯದು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯೇ ಪಾಪನಿವೇದನೆಯ ಗುಟ್ಟು ಬಿಟ್ಟುಕೊಟ್ಟ ಗುರುವಿಗೆ ಕಠಿಣ ಶಿಕ್ಷೆ ಹೇಳಿತ್ತು. ಈಗ ಜಾರಿಯಲ್ಲಿರುವುದು 1983ರ ಕ್ಯಾನನ್ ಕಾನೂನು, ಅಂದರೆ ಧರ್ಮಸಭೆಯ ಸ್ವಂತ ಕಾನೂನು. ಅದರ 983ನೇ ವಿಧಿ ಪ್ರಕಾರ ಮಾತಿನಿಂದಾಗಲಿ, ಬೇರೆ ಯಾವ ರೀತಿಯಿಂದಾಗಲಿ, ಯಾವ ಕಾರಣಕ್ಕಾಗಲಿ ಗುರು ನಿಮ್ಮನ್ನು ಬಿಟ್ಟುಕೊಡುವಂತಿಲ್ಲ. ಜೀವ ಹೋದರೂ ಸರಿ.

984ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೊರಗೆ ಯಾರಿಗೂ ಗೊತ್ತಾಗುವ ಭಯ ಇಲ್ಲದಿದ್ದರೂ, ಅಲ್ಲಿ ಕೇಳಿದ್ದನ್ನು ನಿಮಗೆ ತೊಂದರೆಯಾಗುವ ಹಾಗೆ ಬಳಸುವಂತಿಲ್ಲ. ಚರ್ಚಿನ ಹುಂಡಿಯಿಂದ ಹಣ ತೆಗೆದೆ ಅಂತ ಒಬ್ಬ ಹೇಳಿಕೊಂಡ ಅಂತಿಟ್ಟುಕೊಳ್ಳಿ. ಮಾರನೇ ದಿನ ಫಾದರ್ ಆ ಕಾರಣಕ್ಕೆ ಅವನ ಕೈಯಿಂದ ಬೀಗದ ಕೈ ತೆಗೆದುಕೊಳ್ಳುವಂತಿಲ್ಲ. ಮುಖ ಸಿಂಡರಿಸುವಂತೆಯೂ ಇಲ್ಲ. ಎಲ್ಲರೂ ಎಲ್ಲರಿಗೂ ಗೊತ್ತಿರುವ ನಮ್ಮಂಥ ಸಣ್ಣ ಊರುಗಳಲ್ಲಿ ಈ ನಿಯಮದ ಬೆಲೆ ಜಾಸ್ತಿ. ನಿಮ್ಮ ಮಗಳ ಮದುವೆ ಮಾಡಿಸುವವರೂ, ಶಾಲೆಯ ಕಮಿಟಿಯಲ್ಲಿ ಕೂರುವವರೂ ಅದೇ ಫಾದರ್ ಆಗಿರುತ್ತಾರೆ, ಅಲ್ವಾ?

ಗುಟ್ಟು ಬೇಕೆಂದೇ ನೇರವಾಗಿ ಬಿಟ್ಟುಕೊಟ್ಟರೆ ಆ ಕ್ಷಣವೇ ಗುರುವಿಗೆ ಬಹಿಷ್ಕಾರ ತಗುಲುತ್ತದೆ. ಯಾರೂ ತೀರ್ಪು ಕೊಡಬೇಕಾಗಿಲ್ಲ. ಅದನ್ನು ತೆಗೆಯುವ ಅಧಿಕಾರ ರೋಮಿನ ಪೋಪ್ ಪೀಠಕ್ಕೆ ಮಾತ್ರ ಇದೆ. 2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದು 1386ನೇ ವಿಧಿ. ಪಾಪನಿವೇದನೆಯ ಮಾತನ್ನು ರೆಕಾರ್ಡ್ ಮಾಡುವುದು, ಕೆಟ್ಟ ಉದ್ದೇಶದಿಂದ ಮಾಧ್ಯಮದಲ್ಲಿ ಹರಡುವುದು ಕೂಡ ಅದೇ ವಿಧಿಯಲ್ಲಿ ಶಿಕ್ಷೆಯಾಗುವ ಅಪರಾಧ.

"ನಾನೇ ಒಪ್ಪಿಗೆ ಕೊಡ್ತೀನಿ, ಕೋರ್ಟಿನಲ್ಲಿ ಹೇಳಿ ಫಾದರ್" ಅಂತ ನೀವೇ ಕೇಳಿಕೊಂಡರೂ ಗುರು ಹೇಳುವಂತಿಲ್ಲ. ಧರ್ಮಸಭೆಯ ಸ್ವಂತ ನ್ಯಾಯಮಂಡಳಿಯಲ್ಲೂ ಇದೇ ನಿಯಮ. ನೀವು ಮಾತ್ರ ಸ್ವತಂತ್ರರು. ನೀವು ಹೇಳಿದ್ದನ್ನು, ಗುರು ನಿಮಗೆ ಹೇಳಿದ್ದನ್ನು ಬೇಕಾದವರಿಗೆ ಹೇಳಬಹುದು. ಆದರೆ ಗುರುವಿನ ಬುದ್ಧಿಮಾತನ್ನು ಊರಿಗೆಲ್ಲ ತಿರುಚಿ ಹೇಳಿದರೆ ತನ್ನ ಪರವಾಗಿ ಬಾಯಿ ಬಿಡಲು ಅವರಿಗೆ ಸಾಧ್ಯವಿಲ್ಲ. ಅದು ನೆನಪಿರಲಿ.

ಕೇರಳ ಮೂಲದ ಕ್ಯಾಥೊಲಿಕರಾದ ಸಿರೋ-ಮಲಬಾರ್ ಸಭೆಯವರಿಗೆ ಪ್ರತ್ಯೇಕ ಕಾನೂನು ಸಂಹಿತೆ ಇದೆ. ಅದರಲ್ಲೂ ಮುದ್ರೆ ಇಷ್ಟೇ ಗಟ್ಟಿ.

3. ಜಾಗ, ಭಾಷೆ, ಚೀಟಿ: ನಿಮ್ಮ ಕಡೆಯಿಂದ ನೀವು ನೋಡಿಕೊಳ್ಳಬೇಕಾದ್ದು

ಎಸ್ಟೇಟಿನ ಸಣ್ಣ ಪ್ರಾರ್ಥನಾಲಯಗಳಲ್ಲಿ ಜಾಲರಿ ಇರುವ ಪೀಠ ಇರುವುದಿಲ್ಲ. ಬಲಿಪೂಜೆಗೆ ಮುಂಚೆ ಫಾದರ್ ಒಂದು ಮೂಲೆಯಲ್ಲೋ ಹೊರಗೆ ಮರದ ಕೆಳಗೋ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸಾಲು ಅವರ ಬೆನ್ನ ಹಿಂದೆಯೇ ಬಂದು ನಿಲ್ಲುತ್ತದೆ. ಕಿವಿ ಮಂದವಾದ ಅಜ್ಜಿ ಜೋರಾಗಿ ಹೇಳಿದರೆ ಅರ್ಧ ಸಾಲಿಗೆ ಕೇಳಿಸುತ್ತದೆ. ಹಾಗೆ ಕೇಳಿಸಿಕೊಂಡವರೂ ಗುಟ್ಟು ಕಾಪಾಡಬೇಕು ಅಂತ 983ನೇ ವಿಧಿಯ ಎರಡನೇ ಭಾಗ ಹೇಳುತ್ತದೆ. ಆದರೆ ಊರಿನ ಬಾಯಿ ಕಟ್ಟುವವರು ಯಾರು? ಸಾಲನ್ನು ಹತ್ತು ಹೆಜ್ಜೆ ಹಿಂದಕ್ಕೆ ನಿಲ್ಲಿಸುವಂತೆ ಉಪದೇಶಿಗೆ ಹೇಳಿ. ಕಾಯುವವರು ಗಟ್ಟಿಯಾಗಿ ಜಪಸರ ಹೇಳುತ್ತಿದ್ದರೆ ಇನ್ನೂ ಒಳ್ಳೆಯದು.

ಜಾಲರಿಯ ಹಿಂದೆ ಕೂತು ಹೇಳುವುದು ನಿಮ್ಮ ಹಕ್ಕು. ಹೆಸರು ಹೇಳಬೇಕಾಗಿಲ್ಲ. ನಿಮ್ಮ ಧರ್ಮಕೇಂದ್ರದ ಫಾದರ್ ಹತ್ತಿರವೇ ಹೋಗಬೇಕೆಂದೂ ಇಲ್ಲ. 991ನೇ ವಿಧಿ ಪ್ರಕಾರ ನಿಮಗೆ ಇಷ್ಟವಾದ ಗುರುವನ್ನು ಆರಿಸಿಕೊಳ್ಳಬಹುದು, ಬೇರೆ ಆರಾಧನಾ ಪದ್ಧತಿಯ ಕ್ಯಾಥೊಲಿಕ್ ಸಭೆಯವರಾದರೂ ಸರಿ. ಸುಂಟಿಕೊಪ್ಪದವರು ಮೈಸೂರಿಗೆ ಬಟ್ಟೆ ತರಲು ಹೋದಾಗ ಅಲ್ಲಿಯೇ ಪಾಪನಿವೇದನೆ ಮಾಡಿ ಬಂದರೆ ಅದರಲ್ಲಿ ತಪ್ಪೇನಿಲ್ಲ.

ಭಾಷೆಯ ವಿಷಯ ಕೊಡಗಿನಲ್ಲಿ ದೊಡ್ಡದು. ನಮ್ಮಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ನಾಲ್ಕೂ ಇವೆ. ಈಗ ತೋಟದ ಕೆಲಸಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಲ್ಲೂ ಕ್ಯಾಥೊಲಿಕರಿದ್ದಾರೆ. ಗುರುವಿಗೆ ನಿಮ್ಮ ಭಾಷೆ ಬರದಿದ್ದರೆ ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಅವಕಾಶ ಇದೆ. ದುಭಾಷಿಗೂ ಗುಟ್ಟಿನ ಕಟ್ಟುಪಾಡು ಇದೆ, ಮುರಿದರೆ ಶಿಕ್ಷೆ ಇದೆ. ಆದರೂ ಮೇಸ್ತ್ರಿಯನ್ನೋ ತೋಟದ ಲೆಕ್ಕ ಬರೆಯುವ ರೈಟರನ್ನೋ ದುಭಾಷಿ ಮಾಡಿಕೊಳ್ಳಬೇಡಿ. ನಿಮ್ಮ ಕೂಲಿ ಅವರ ಕೈಯಲ್ಲಿದೆ. ಭಾಷೆ ಬರುವ ಗುರು ಯಾವಾಗ ಬರುತ್ತಾರೆ ಅಂತ ವಿಚಾರಿಸಿ ಕಾಯುವುದೇ ಮೇಲು.

ಮರೆತುಹೋಗುತ್ತದೆ ಅಂತ ಪಾಪಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವವರಿದ್ದಾರೆ. ಮೊಬೈಲ್ ನೋಟ್ಸ್‌ನಲ್ಲಿ ಬರೆಯುವವರೂ ಇದ್ದಾರೆ. ಚೀಟಿಯಾದರೆ ಮನೆಗೆ ಬಂದ ತಕ್ಷಣ ಒಲೆಗೆ ಹಾಕಿ. ಮೊಬೈಲಿನಲ್ಲಂತೂ ಬೇಡವೇ ಬೇಡ. ಕಾನೂನಿನ ಕಣ್ಣಿಗೆ ಅದು ನಿಮ್ಮ ಕೈಬರಹದ ದಾಖಲೆ, ಅಷ್ಟೆ.

4. ಕೋರ್ಟು ಏನು ಹೇಳುತ್ತದೆ

ಇಲ್ಲಿ ನಿಧಾನವಾಗಿ ಓದಿ. ಚರ್ಚಿನ ಮುದ್ರೆಗೆ ಭಾರತದ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇಲ್ಲ.

1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯದರಲ್ಲಿ ಇದ್ದ ಹಾಗೆ ಹೊಸದರಲ್ಲೂ ಕೆಲವರ ನಡುವಿನ ಮಾತಿಗೆ ರಕ್ಷಣೆ ಇದೆ. ಮದುವೆಯಾದ ಗಂಡ ಹೆಂಡತಿ ನಡುವಿನ ಮಾತಿಗೆ 128ನೇ ಸೆಕ್ಷನ್. ವಕೀಲರಿಗೆ ಕಕ್ಷಿದಾರ ಹೇಳಿದ ಮಾತಿಗೆ 132ನೇ ಸೆಕ್ಷನ್. ಈ ಪಟ್ಟಿಯಲ್ಲಿ ಪಾದ್ರಿ ಇಲ್ಲ, ಪೂಜಾರಿ ಇಲ್ಲ, ಮೌಲ್ವಿ ಇಲ್ಲ. ಸ್ಟೀಫನ್ ಎಂಬ ಇಂಗ್ಲಿಷ್ ಕಾನೂನುಗಾರ ರೂಪಿಸಿದ 1872ರ ಕಾಯ್ದೆಯಲ್ಲೂ ಇರಲಿಲ್ಲ. ಹೊಸದಾಗಿ ಬರೆಯುವಾಗಲೂ ಯಾರೂ ಸೇರಿಸಲಿಲ್ಲ.

ಹೊಸ ಅಧಿನಿಯಮದ 22ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಒಬ್ಬ ತಪ್ಪೊಪ್ಪಿಕೊಂಡದ್ದು ಬೇರೆ ರೀತಿಯಲ್ಲಿ ಸಾಕ್ಷಿಯಾಗಿ ನಿಲ್ಲುವಂಥದ್ದಾದರೆ, ಗುಟ್ಟಾಗಿ ಇಡುತ್ತೇನೆ ಎಂಬ ಮಾತಿನ ಮೇಲೆ ಹೇಳಿಸಿಕೊಂಡದ್ದು ಎಂಬ ಕಾರಣಕ್ಕೆ ಮಾತ್ರ ಅದು ಬಿದ್ದುಹೋಗುವುದಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು 23ನೇ ಸೆಕ್ಷನ್ ಸಾಕ್ಷಿಯಿಂದ ಹೊರಗಿಡುತ್ತದೆ. ಪಾದ್ರಿಯ ಮುಂದೆ ಹೇಳಿದ್ದಕ್ಕೆ ಅಂಥ ತಡೆ ಇಲ್ಲ. ನ್ಯಾಯಾಲಯದ ಹೊರಗಿನ ಒಪ್ಪಿಗೆ ಅಂತ ಅದನ್ನು ಪರಿಗಣಿಸಬಹುದು. ಇಂಥ ಒಪ್ಪಿಗೆ ದುರ್ಬಲ ಸಾಕ್ಷಿ, ಬೇರೆ ಆಧಾರ ಬೇಕು ಅಂತ ನಮ್ಮ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಆದರೂ ಅದು ಸಾಕ್ಷಿಯೇ.

ಹಾಗಾದರೆ ಗುರು ಕೋರ್ಟಿನಲ್ಲಿ ಬಾಯಿ ಬಿಡದಿದ್ದರೆ? ಕ್ರಿಮಿನಲ್ ಕೋರ್ಟಿನ ಪ್ರಶ್ನೆಗೆ ಸಾಕ್ಷಿ ಉತ್ತರ ಕೊಡದಿದ್ದರೆ, ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 388ನೇ ಸೆಕ್ಷನ್ ಪ್ರಕಾರ 7 ದಿನದವರೆಗೆ ಜೈಲಿಗೆ ಅಥವಾ ಕಸ್ಟಡಿಗೆ ಕಳಿಸಬಹುದು. ಅದೇ ಸೆಕ್ಷನ್‌ನಲ್ಲಿ ಒಂದು ಸಣ್ಣ ಬಾಗಿಲು ಇದೆ. ನಿರಾಕರಿಸಿದವರು ಸಮಂಜಸ ಕಾರಣ ಕೊಡದಿದ್ದರೆ ಮಾತ್ರ ಈ ಶಿಕ್ಷೆ. ಕೊಲೆ, ದರೋಡೆಯಂಥ ಕೆಲವು ಅಪರಾಧ ಗೊತ್ತಿದ್ದವರು ಪೊಲೀಸರಿಗೆ ತಿಳಿಸಬೇಕು ಎನ್ನುವ ಅದೇ ಸಂಹಿತೆಯ 33ನೇ ಸೆಕ್ಷನ್‌ನಲ್ಲೂ ಸಮಂಜಸ ಕಾರಣ ಎಂಬ ಮಾತಿದೆ. ಅದನ್ನು ರುಜುವಾತು ಮಾಡುವ ಹೊಣೆ ಮಾತ್ರ ಸುಮ್ಮನಿದ್ದವರದ್ದೇ. ಸಂವಿಧಾನದ 25, 26ನೇ ವಿಧಿಗಳ ಧಾರ್ಮಿಕ ಸ್ವಾತಂತ್ರ್ಯ, 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಮೂಲಭೂತ ಹಕ್ಕು ಎಂದು ಹೇಳಿದ ಖಾಸಗಿತನ, ಇವನ್ನು ಮುಂದಿಟ್ಟು ವಕೀಲರು ಇದೇ ಸಮಂಜಸ ಕಾರಣ ಅಂತ ವಾದಿಸಬಹುದು. ಆದರೆ ವಾದಿಸಬಹುದು ಎನ್ನುವುದಕ್ಕೂ ಕಾಯ್ದೆಯಲ್ಲಿ ರಕ್ಷಣೆ ಇದೆ ಎನ್ನುವುದಕ್ಕೂ ತುಂಬಾ ದೂರ ಇದೆ.

ವಕೀಲರಿಗೆ ಕೊಟ್ಟ ಜಾಗವನ್ನು ಪಾಪನಿವೇದನೆ ಕೇಳುವ ಗುರುವಿಗೂ ಕೊಡಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ. ಪಶ್ಚಾತ್ತಾಪ ಪಡಲು ಬಂದವನ ಬಾಯಿಂದಲೇ ಅವನಿಗೆ ಕುಣಿಕೆ ಹೆಣೆಯುವುದು ಸರಿಯಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅಂಥ ರಕ್ಷಣೆ ಇದೆ. ಆಸ್ಟ್ರೇಲಿಯಾದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ರಾಯಲ್ ಕಮಿಷನ್ 2017ರಲ್ಲಿ ವರದಿ ಕೊಟ್ಟ ಮೇಲೆ ಹಲವು ರಾಜ್ಯಗಳು ಆ ವಿಷಯದಲ್ಲಿ ಮಾತ್ರ ರಕ್ಷಣೆ ತೆಗೆದುಹಾಕಿವೆ. ನಮ್ಮಲ್ಲಿ ತೆಗೆದುಹಾಕಲು ಮೊದಲು ಇರಲೇ ಇಲ್ಲ.

5. ತಪ್ಪು ನಿಮ್ಮಿಂದ ಆಗಿದ್ದರೆ

ಕಣದಲ್ಲಿ ಒಣಗಲು ಹರಡಿದ್ದ ಕರಿಮೆಣಸಿನಲ್ಲಿ ಒಂದು ಚೀಲ ರಾತ್ರಿ ಎತ್ತಿಕೊಂಡು ಹೋಗಿ ಮಾರಿದ ಒಬ್ಬ ಕೆಲಸಗಾರನನ್ನು ಊಹಿಸಿಕೊಳ್ಳಿ. ಅನುಮಾನ ಪಕ್ಕದ ಲೈನ್ ಮನೆಯವನ ಮೇಲೆ ಬಿದ್ದಿದೆ. ಇವನು ಪಾಪನಿವೇದನೆಗೆ ಬಂದಿದ್ದಾನೆ.

ಗುರು ಏನು ಹೇಳಬಹುದು? ಕದ್ದದ್ದನ್ನು ಹಿಂತಿರುಗಿಸು ಅನ್ನಬಹುದು, ಅನ್ನಲೇಬೇಕು. ನಿನ್ನಿಂದ ಇನ್ನೊಬ್ಬ ನಿರಪರಾಧಿ ಸಿಕ್ಕಿಹಾಕಿಕೊಂಡಿದ್ದಾನೆ, ಅವನನ್ನು ಬಿಡಿಸುವ ದಾರಿ ಹುಡುಕು ಅನ್ನಬಹುದು. ನಿಜವಾದ ಪಶ್ಚಾತ್ತಾಪ ಕಾಣದಿದ್ದರೆ ಪಾಪಕ್ಷಮೆ ಕೊಡದೆಯೂ ಇರಬಹುದು. ಆದರೆ "ಮೊದಲು ಪೊಲೀಸ್ ಠಾಣೆಗೆ ಹೋಗು, ಆಮೇಲೆ ಪಾಪಕ್ಷಮೆ" ಅಂತ ಷರತ್ತು ಹಾಕುವಂತಿಲ್ಲ. 2019ರಲ್ಲಿ ಪಾಪನಿವೇದನೆಯಂಥ ವಿಷಯಗಳನ್ನು ನೋಡಿಕೊಳ್ಳುವ ರೋಮಿನ ಕಚೇರಿ, ಅಪೋಸ್ತಲಿಕ್ ಪೆನಿಟೆನ್ಷರಿ, ಹೊರಡಿಸಿದ ಟಿಪ್ಪಣಿ ಇದನ್ನು ಸ್ಪಷ್ಟ ಮಾಡಿದೆ. ತನ್ನ ಮೇಲೆ ತಾನೇ ದೋಷ ಹೊರಿಸಿಕೊಳ್ಳಲು ಯಾರನ್ನೂ ಬಲವಂತ ಮಾಡಬಾರದು ಎನ್ನುವುದು ಅಲ್ಲಿರುವ ಕಾರಣ.

ಮೆಣಸಿನ ಹಣವನ್ನು ಹೆಸರು ಹೇಳದೆ ಗುರುವಿನ ಮೂಲಕ ಸಾಹುಕಾರರಿಗೆ ತಲುಪಿಸುವುದು ಹಳೆಯ ಪದ್ಧತಿ. ಅಮೆರಿಕದಲ್ಲಿ ಇದೇ ವಿಷಯ 1813ರಲ್ಲಿ ಕೋರ್ಟಿಗೆ ಹೋಗಿತ್ತು. ನ್ಯೂಯಾರ್ಕಿನಲ್ಲಿ ಕದ್ದ ಒಡವೆಗಳನ್ನು ಆಂಥನಿ ಕೊಲ್ಮನ್ ಎಂಬ ಗುರು ಮಾಲೀಕನಿಗೆ ಮುಟ್ಟಿಸಿದರು. ಯಾರು ಕೊಟ್ಟರು ಅಂತ ಕೋರ್ಟಿನಲ್ಲಿ ಕೇಳಿದಾಗ ಹೇಳಲಿಲ್ಲ. ಅವರನ್ನು ಬಲವಂತ ಮಾಡುವಂತಿಲ್ಲ ಅಂತ ಕೋರ್ಟ್ ಹೇಳಿತು. 1828ರಲ್ಲಿ ಆ ರಾಜ್ಯ ಇದನ್ನು ಕಾಯ್ದೆಯಲ್ಲೇ ಬರೆಯಿತು. ನಮ್ಮ ಕೋರ್ಟುಗಳನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ. ಹಾಗಾಗಿ ಕೊಡಗಿನಲ್ಲಿ ಹಣ ಮುಟ್ಟಿಸುವ ಗುರು ಕವರಿನ ಮೇಲೆ ಏನೂ ಬರೆಯಬಾರದು, ಆನ್‌ಲೈನ್ ವರ್ಗಾವಣೆ ಬೇಡ, ಕೊಟ್ಟವನ ಕೈಬರಹ ಇರಬಾರದು.

ಕೇಸು ಆಗಿದ್ದರೆ ಅಥವಾ ಆಗುವ ಹಾಗಿದ್ದರೆ ಪಾಪನಿವೇದನೆ ಮನಸ್ಸಿಗೆ, ಕಾನೂನಿಗೆ ವಕೀಲರು. ನಿಮ್ಮ ಮಾತಿಗೆ ಕಾನೂನಿನ ರಕ್ಷಣೆ ಸಿಗುವುದು ಅವರ ಮುಂದೆ, ಗುರುವಿನ ಮುಂದೆ ಅಲ್ಲ. ಮುಂದೆ ಮಾಡಬೇಕೆಂದಿರುವ ಅಪರಾಧಕ್ಕೆ ಅವರ ಸಹಾಯ ಕೇಳಿದರೆ ಆ ಮಾತಿಗೆ ರಕ್ಷಣೆ ಇಲ್ಲ. ದುಡ್ಡಿಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾಯ್ದೆ ಹೇಳುತ್ತದೆ. ನಿಮ್ಮ ತಾಲೂಕು ಕೋರ್ಟಿನಲ್ಲೂ ಇದಕ್ಕೆ ಸಮಿತಿ ಇದೆ.

6. ಅನ್ಯಾಯ ನಿಮಗೆ ಆಗಿದ್ದರೆ

ಗಂಡ ದಿನಾ ಹೊಡೆಯುತ್ತಾನೆ. ಮೈದುನ ಮೈಮುಟ್ಟುತ್ತಾನೆ. ಮನೆಯಲ್ಲಿ ಹೇಳುವ ಹಾಗಿಲ್ಲ, ಅಕ್ಕಪಕ್ಕ ಹೇಳಿದರೆ ಮಾನ ಹೋಗುತ್ತದೆ. ಹಾಗಾಗಿ ಹೆಂಗಸು ಅದನ್ನು ತನ್ನದೇ ಪಾಪ ಎನ್ನುವ ಹಾಗೆ ಪಾಪನಿವೇದನೆಯಲ್ಲಿ ಹೇಳಿಕೊಳ್ಳುತ್ತಾಳೆ. "ಗಂಡನ ಮೇಲೆ ಸಿಟ್ಟು ಬರುತ್ತದೆ ಫಾದರ್, ಕ್ಷಮಿಸಿ" ಅಂತ ಶುರುವಾಗುತ್ತದೆ. ಫಾದರ್‌ಗೆ ಎಲ್ಲ ಅರ್ಥವಾಗುತ್ತದೆ. ಮುಂದಿನ ಭಾನುವಾರ ಗಂಡ ಅದೇ ಫಾದರ್ ಕೈಯಿಂದ ಪರಮಪ್ರಸಾದ ತೆಗೆದುಕೊಳ್ಳುತ್ತಾನೆ. ಫಾದರ್ ಏನೂ ಹೇಳುವುದಿಲ್ಲ. ಇವಳಿಗೆ ಅನಿಸುತ್ತದೆ, ಅವರೂ ಅವನ ಕಡೆ ಅಂತ.

ಕಡೆ ಎಂಬ ಪ್ರಶ್ನೆಯೇ ಅಲ್ಲಿಲ್ಲ ತಾಯಿ. ಅವರ ಬಾಯಿಗೂ ಕೈಗೂ ಮುದ್ರೆ ಬಿದ್ದಿದೆ. ನೀವು ಅಲ್ಲಿ ಹೇಳಿದ್ದರ ಆಧಾರದ ಮೇಲೆ ಅವರು ನಿಮ್ಮ ಗಂಡನನ್ನು ಕರೆದು ಕೇಳುವಂತಿಲ್ಲ, ಸಿಸ್ಟರಿಗೆ ಹೇಳುವಂತಿಲ್ಲ. ಹೊರಗೆ ನಿಮ್ಮ ಹತ್ತಿರ ತಾವಾಗಿ ಆ ಮಾತು ಎತ್ತುವಂತೆಯೂ ಇಲ್ಲ.

ಆದ್ದರಿಂದ ಅದೇ ಮಾತನ್ನು ಹೊರಗೆ ಇನ್ನೊಮ್ಮೆ ಹೇಳಿ. ಪಾಪಕ್ಷಮೆ ಪಡೆದು ಹೊರಬಂದ ಮೇಲೆ ಬಂಗಲೆಗೆ ಹೋಗಿ, ಸಾಧ್ಯವಾದರೆ ಒಬ್ಬ ಸಿಸ್ಟರ್ ಅಥವಾ ನಂಬಿಕೆಯ ಹೆಂಗಸಿನ ಜೊತೆ. "ಫಾದರ್, ಇದು ಪಾಪನಿವೇದನೆ ಅಲ್ಲ. ನನಗೆ ಸಹಾಯ ಬೇಕು" ಅಂತ ಹೇಳಿ, ಮೊದಲಿಂದ ಎಲ್ಲ ಹೇಳಿ. ಆಗ ಅವರ ಕೈ ಬಿಚ್ಚುತ್ತದೆ. ನಿಮ್ಮ ಜೊತೆ ಠಾಣೆಗೆ ಬರಬಹುದು, ವಕೀಲರನ್ನು ತೋರಿಸಬಹುದು, ಬೇಕಾದರೆ ಸಾಕ್ಷಿಯನ್ನೂ ಹೇಳಬಹುದು.

ಗುರುಗಳಿಗೆ ಒಂದು ಮಾತು. ಅದೇ 2019ರ ಟಿಪ್ಪಣಿ, ದೌರ್ಜನ್ಯಕ್ಕೆ ಒಳಗಾದವರು ಪಾಪನಿವೇದನೆಗೆ ಬಂದರೆ ಅವರ ಹಕ್ಕುಗಳನ್ನೂ ದೂರು ಕೊಡುವ ದಾರಿಯನ್ನೂ ತಿಳಿಸಬೇಕು ಅಂತ ಹೇಳುತ್ತದೆ. ತಾಳ್ಮೆಯಿಂದಿರು, ಪ್ರಾರ್ಥನೆ ಮಾಡು ಅಂತ ಹೇಳಿ ಕಳಿಸಿದರೆ ಆ ಕರ್ತವ್ಯ ಮುಗಿಯುವುದಿಲ್ಲ. ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181 ಎಂಬ ಎರಡು ನಂಬರುಗಳನ್ನು ಹೇಳಲು ಅರ್ಧ ನಿಮಿಷ ಸಾಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಇರುತ್ತಾರೆ, ಮನೆಯಿಂದ ಹೊರಹಾಕದಂತೆ ಮ್ಯಾಜಿಸ್ಟ್ರೇಟರ ಆದೇಶ ಪಡೆಯಬಹುದು ಎನ್ನುವುದನ್ನೂ ಜಾಲರಿಯ ಹಿಂದೆ ಕೂತೇ ಹೇಳಬಹುದು.

7. ಮಗುವಿನ ವಿಷಯವಾದರೆ ಕಾಯಬೇಡಿ

2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿರುವ ಅಥವಾ ನಡೆಯಬಹುದು ಎಂಬ ಶಂಕೆ ಇರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು ಮತ್ತು ದಂಡ. ಬೋರ್ಡಿಂಗ್, ಹಾಸ್ಟೆಲ್, ಶಾಲೆ ನಡೆಸುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಇಲ್ಲಿ ಸಮಂಜಸ ಕಾರಣ ಎಂಬ ಬಾಗಿಲು ಇಲ್ಲ. ವಕೀಲರಿಗಾಗಲಿ ಗುರುವಿಗಾಗಲಿ ವಿನಾಯಿತಿ ಬರೆದಿಲ್ಲ.

ಪಾಪನಿವೇದನೆಯಲ್ಲಿ ಇದನ್ನು ಕೇಳಿದ ಗುರುವಿಗೆ ಎರಡು ಕಾನೂನುಗಳು ಎದುರೆದುರು ನಿಲ್ಲುತ್ತವೆ. ಮುದ್ರೆ ಮುರಿಯುವಂತಿಲ್ಲ, ಕಾಯ್ದೆ ಸುಮ್ಮನಿರಲು ಬಿಡುವುದಿಲ್ಲ. ಈ ಗಂಟನ್ನು ಬಿಡಿಸಿದ್ದೇನೆ ಅಂತ ನಾನು ನಟಿಸುವುದಿಲ್ಲ. ಆದರೆ ಗುರುವಿನ ಕೈಯಲ್ಲಿ ಒಂದು ದಾರಿ ಇದೆ. ಹೇಳಿದ್ದು ಮಗುವಾಗಿದ್ದರೆ ಮೃದುವಾಗಿ ಒಪ್ಪಿಸಬೇಕು: "ಇದನ್ನು ಈಗಲೇ ಹೊರಗೆ ಬಂದು ನನಗೆ, ಇಲ್ಲವೇ ನಿನ್ನ ಟೀಚರಿಗೆ ಹೇಳ್ತೀಯಾ ಮರಿ? ನಿನ್ನದು ಏನೂ ತಪ್ಪಿಲ್ಲ." ಮಗು ಹೊರಗೆ ಬಂದು ಹೇಳಿದ ಕ್ಷಣದಿಂದ ಅದು ಸಾಮಾನ್ಯ ಮಾಹಿತಿ. ಆಮೇಲೆ ಒಂದು ಗಂಟೆಯೂ ತಡ ಮಾಡಬಾರದು. ಹೇಳಿದವನು ಅಪರಾಧಿಯೇ ಆಗಿದ್ದರೆ, ಮಗುವಿನಿಂದ ದೂರ ಹೋಗುವುದು, ಮತ್ತೆ ಎಂದೂ ಮಾಡದಿರುವುದು ಪಶ್ಚಾತ್ತಾಪದ ಭಾಗ ಅಂತ ಗಟ್ಟಿಯಾಗಿ ಹೇಳಬೇಕು. ಅದು ಕಾಣದಿದ್ದರೆ ಪಾಪಕ್ಷಮೆ ಕೊಡಬಾರದು.

ತಂದೆ ತಾಯಿಗೆ, ಉಪದೇಶಿಗೆ, ಟೀಚರಿಗೆ ಯಾವ ಗಂಟೂ ಇಲ್ಲ. ಗೊತ್ತಾದ ತಕ್ಷಣ ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಕರೆ ಮಾಡಿ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಅಂತ ಅದೇ 19ನೇ ಸೆಕ್ಷನ್ ಹೇಳುತ್ತದೆ. ಮೊದಲು ಚರ್ಚಿನ ಕಮಿಟಿಯಲ್ಲಿ ಮಾತಾಡೋಣ ಅಂತ ಯಾರಾದರೂ ಅಂದರೆ ಕೇಳಬೇಡಿ.

8. ಫಾದರ್‌ಗೆ ನೋಟಿಸ್ ಬಂದರೆ

ಪೊಲೀಸರು ಸಾಕ್ಷಿಯನ್ನು ಕರೆಯುವುದು ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್‌ನಲ್ಲಿ, ಲಿಖಿತ ಆದೇಶದ ಮೂಲಕ. 60 ವರ್ಷ ದಾಟಿದವರನ್ನು ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ, ಅವರಿರುವಲ್ಲಿಗೇ ಬಂದು ಕೇಳಬೇಕು. ಹೆಂಗಸರಿಗೂ ಹಾಗೆಯೇ, ಆದ್ದರಿಂದ ಸಿಸ್ಟರುಗಳಿಗೂ.

ಫಾದರ್, ನೋಟಿಸನ್ನು ಬದಿಗಿಟ್ಟು ಕೂರಬೇಡಿ. ಬಿಷಪರಿಗೆ ತಿಳಿಸಿ, ಕೊಡಗು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಆದರೆ ತಿಳಿಸುವಾಗ ಪಾಪನಿವೇದನೆಯ ವಿಷಯ ಬಿಷಪರಿಗೂ ಹೇಳುವಂತಿಲ್ಲ. ವಕೀಲರನ್ನು ಕರೆದುಕೊಂಡು ಹೋಗಿ. ಹೊರಗೆ ನೋಡಿದ್ದು, ಕೇಳಿದ್ದು ಏನಿದೆಯೋ ಅದನ್ನು ಪೂರ್ತಿ, ನಿಜವಾಗಿ ಹೇಳಿ. ಪಾಪನಿವೇದನೆಯ ಬಗ್ಗೆ ಕೇಳಿದರೆ ಒಂದೇ ವಾಕ್ಯ ಸಾಕು: "ಅದರ ಬಗ್ಗೆ ನಾನು ಏನೂ ಹೇಳಲಾರೆ." ಅವನು ಅಂಥದ್ದೇನೂ ಹೇಳಿಲ್ಲ ಅಂತಲೂ ಹೇಳಬೇಡಿ. ಒಬ್ಬನ ವಿಷಯದಲ್ಲಿ ಇಲ್ಲ ಅಂದು ಇನ್ನೊಬ್ಬನ ವಿಷಯದಲ್ಲಿ ಸುಮ್ಮನಾದರೆ ಆ ಮೌನವೇ ಅವನನ್ನು ಬಿಟ್ಟುಕೊಟ್ಟ ಹಾಗೆ. ಯಾರ ಹೆಸರು ಕೇಳಿದರೂ ಅದೇ ವಾಕ್ಯ ಇರಲಿ. ಕೋರ್ಟಿನಲ್ಲಿ ಇದನ್ನೇ ವಕೀಲರು ಸಮಂಜಸ ಕಾರಣ ಅಂತ ಲಿಖಿತವಾಗಿ ಕೊಡಲಿ. ನ್ಯಾಯಾಧೀಶರು ಒಪ್ಪದಿದ್ದರೆ ಆಗುವ ಶಿಕ್ಷೆಗೆ ಸಿದ್ಧರಿರಬೇಕು.

9. ಮುದ್ರೆ ಮುರಿದರೆ, ಅಥವಾ ಅದರ ಮರೆಯಲ್ಲಿ ತಪ್ಪು ನಡೆದರೆ

2018ರಲ್ಲಿ ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯ ಕೆಲವು ಪಾದ್ರಿಗಳ ಮೇಲೆ ಪಾಪನಿವೇದನೆಯ ಮಾತನ್ನು ಹಿಡಿದುಕೊಂಡು ಮಹಿಳೆಯನ್ನು ಬೆದರಿಸಿದ ಆರೋಪ ಬಂತು. ಅದು ಕ್ಯಾಥೊಲಿಕ್ ಸಭೆ ಅಲ್ಲ. ಆದರೂ ಪಾಪನಿವೇದನೆಯನ್ನೇ ರದ್ದು ಮಾಡಿ ಅಂತ ರಾಷ್ಟ್ರೀಯ ಮಹಿಳಾ ಆಯೋಗ ಶಿಫಾರಸು ಮಾಡಿದಾಗ ಎಲ್ಲ ಸಭೆಗಳಲ್ಲೂ ಗದ್ದಲ ಎದ್ದಿತು. ರದ್ದು ಮಾಡಬೇಕು ಅಂತ ನನಗೆ ಅನಿಸುವುದಿಲ್ಲ. ಆದರೆ ಹೆಣ್ಣುಮಕ್ಕಳಿಗೆ ದೂರು ಕೊಡುವ ದಾರಿ ಗೊತ್ತಿರಲೇಬೇಕು.

ನೀವು ಹೇಳಿದ್ದು ಊರಲ್ಲಿ ಹರಡಿದರೆ, ಅದನ್ನು ಹಿಡಿದು ಯಾರಾದರೂ ಬೆದರಿಸಿದರೆ, ಪಾಪನಿವೇದನೆಯ ಹೊತ್ತಿನಲ್ಲೇ ಅಥವಾ ಅದರ ನೆಪದಲ್ಲಿ ಗುರು ಲೈಂಗಿಕ ವಿಷಯಕ್ಕೆ ಎಳೆದರೆ, ನೀವು ಯಾವ ಗುಟ್ಟಿಗೂ ಕಟ್ಟುಬಿದ್ದಿಲ್ಲ. ಆ ಕೊನೆಯದು ಕ್ಯಾನನ್ 1385ರಲ್ಲಿ ಘೋರ ಅಪರಾಧ, ಗುರುತನವನ್ನೇ ಕಿತ್ತುಹಾಕುವವರೆಗೆ ಶಿಕ್ಷೆ ಇದೆ. ಬೆದರಿಕೆ, ಮೈಮುಟ್ಟುವುದು, ಹಣ ಕೀಳುವುದು ದೇಶದ ಕಾನೂನಿನಲ್ಲೂ ಅಪರಾಧ. ಮೊದಲು ಪೊಲೀಸರು, ಜೊತೆಗೇ ಬಿಷಪರು. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಕೊಡಬಾರದು ಅಂತ ಏನೂ ಇಲ್ಲ.

ಬಿಷಪರಿಗೆ ಬರೆಯುವ ಪತ್ರದಲ್ಲಿ ತಾರೀಖು, ಸಮಯ, ಯಾವ ಚರ್ಚು, ಗುರು ಏನು ಹೇಳಿದರು ಅಥವಾ ಮಾಡಿದರು, ಆಮೇಲೆ ನೀವು ಯಾರಿಗೆ ಹೇಳಿದಿರಿ, ಇಷ್ಟು ಇರಲಿ. ನೀವು ಅಂದು ನಿವೇದಿಸಿದ ಪಾಪಗಳನ್ನು ಬರೆಯಬೇಕಾಗಿಲ್ಲ. ಎರಡು ಪ್ರತಿ ಮಾಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕೈಯಲ್ಲೇ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ಸಹಿ ಹಾಕಿಸಿಕೊಂಡು ಬನ್ನಿ.